ಮನಸ್ಸನ್ನು ಅಳೆಯುವ ಕೋಲು

ಮನಸ್ಸೆಂದರೇನು, ಅರಿವು ಎಲ್ಲಿಂದ ಹುಟ್ಟುವುದು ಎಂಬ ಪ್ರಶ್ನೆಯು ದೂರದೇಶದ ವಿದ್ವಾಂಸರಿಗೆ ಮಾತ್ರ ಸೇರಿದ್ದೆಂದು ಎಣಿಸುವವರುಂಟು. ಬೀದರಿನ ಸಮೀಪದ ಅಷ್ಟೂರನ್ನು ಬಲ್ಲವರು ಹಾಗೆನ್ನಲಾರರು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯು ಅಲ್ಲಿರುವುದು. ಮುಸಲ್ಮಾನರು ಆತನನ್ನು ವಲಿಯೆಂದು ಗೌರವಿಸುವರು. ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭುವೆಂದೇ ಭಾವಿಸಿ ನಮಿಸುವರು. ಉರುಸಿನ ದಿನ ಉಭಯರೂ ಒಂದೇ ಹೊಸ್ತಿಲನ್ನು ದಾಟುವರು.

ಹೊಸ್ತಿಲು ಒಂದಾದರೂ, ಒಳಗಿನ ಬಾಳನ್ನು ಹೆಸರಿಸುವ ರೀತಿ ಒಂದಲ್ಲ. ಶರಣರು ಅರಿವು ಮರೆವುಗಳನ್ನು ಎದುರೆದುರಾಗಿಟ್ಟು ವಿಚಾರಮಾಡಿದರು. ಸೂಫಿಗಳು ಕೀಳಾಸೆಗಳ ನೆಲೆಯನ್ನು ನಫ್ಸ್ ಎಂದೂ, ದೇವರನ್ನರಿಯುವ ಹೃದಯವನ್ನು ಕಲ್ಬ್ ಎಂದೂ ವಿಂಗಡಿಸಿದರು. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿಯೂ ಹೃದಯ, ಪ್ರಾಣ, ಬುದ್ಧಿ, ಶಕ್ತಿ ಎಂಬ ನಾಲ್ಕು ಮಾತುಗಳು ಬಂದಿವೆ. ಇವನ್ನೆಲ್ಲ ಮನಸ್ಸೆಂಬ ಒಂದೇ ಪದದೊಳಗೆ ತುರುಕಿದರೆ ಅರ್ಥವು ಉಳಿಯದು.

ಆದರೆ ಇಂದಿನ ಮನಶ್ಶಾಸ್ತ್ರವು ಬಹುಕಾಲ ಒಂದೇ ಬಗೆಯ ಜನರನ್ನು ಪರೀಕ್ಷಿಸಿ ಮನುಷ್ಯಮಾತ್ರರ ವಿಷಯವಾಗಿ ತೀರ್ಪುಕೊಟ್ಟಿತು. 2010ರಲ್ಲಿ ಜೋಸೆಫ್ ಹೆನ್ರಿಕ್ ಮೊದಲಾದ ಮೂವರು ಪಂಡಿತರು ಈ ಕೊರತೆಯನ್ನು ಎತ್ತಿ ತೋರಿಸಿದರು. ಪ್ರಮುಖ ಪತ್ರಿಕೆಗಳ ಪ್ರಯೋಗಗಳಿಗೊಳಗಾದವರಲ್ಲಿ ನೂರಕ್ಕೆ 96 ಮಂದಿ, ಲೋಕದ ಜನಸಂಖ್ಯೆಯಲ್ಲಿ ನೂರಕ್ಕೆ 12ರಷ್ಟೇ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ತುದಿಗಳಲ್ಲಿ ಬಾಣದ ಗುರುತುಳ್ಳ ಎರಡು ಸಮಾನ ಗೆರೆಗಳು ಅಸಮಾನವಾಗಿ ತೋರುವ ಭ್ರಮೆಯೊಂದುಂಟು. 1898ರಲ್ಲಿ ರಿವರ್ಸ್ ಎಂಬವರು ಪರೀಕ್ಷಿಸಲಾಗಿ, ಟಾರೆಸ್ ಜಲಸಂಧಿಯ ದ್ವೀಪವಾಸಿಗಳು ಅದಕ್ಕೆ ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು. ಕಣ್ಣಿನ ಸಂಗತಿಯೇ ಹೀಗಿರಲು ಮನಸ್ಸಿನ ಆಳದ ಮಾತೇನು? ಮಿದುಳಿನ ಕ್ರಿಯೆಯೊಡನೆ ಅರಿವು ಏಕೆ ಕೂಡಿರುವುದೆಂಬುದಂತೂ ಇನ್ನೂ ಬಗೆಹರಿದಿಲ್ಲ.

ಹೀಗೆಂದು ಶಾಸ್ತ್ರವನ್ನೇ ಬಿಸುಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕೊರತೆಯನ್ನು ಕಂಡುಹಿಡಿದುದೂ ಶಾಸ್ತ್ರವೇ. ಕೋಲು ಕಿರಿದಾಗಿದ್ದರೆ ಅಳತೆಯನ್ನು ನಿಲ್ಲಿಸುವುದು ಉಪಾಯವಲ್ಲ, ಕೋಲನ್ನು ತಿದ್ದಬೇಕು. ತಿದ್ದದೆ ಅದರಿಂದಲೇ ಅಳೆದು, ಹಳ್ಳಿಯ ಹುಡುಗಿಯೊಬ್ಬಳನ್ನು ಮಂದಬುದ್ಧಿಯವಳೆಂದು ಬರೆದಿಟ್ಟರೆ ಅವಳ ಬಾಳಿಗೇ ಅನ್ಯಾಯವಾಗುವುದು.

ಪ್ರಿಯ ಭಗಿನಿಯರೇ, ತಿದ್ದುವವರು ಯಾರು? ಔರಾದ, ಭಾಲ್ಕಿಗಳ ಕಡೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಕೇಳುತ್ತ ಬೆಳೆದ ನಿಮಗೆ ಆ ಯೋಗ್ಯತೆಯು ಸಹಜವಾಗಿಯೇ ಒದಗಿದೆ. ನಿಮ್ಮಲ್ಲಿ ಕೆಲವರಾದರೂ ಮುಂದೆ ಮನಶ್ಶಾಸ್ತ್ರವನ್ನು ಓದಿರಿ. ಮನ, ಚಿತ್ತ, ಜೀವ, ದಿಲ್ ಎಂದು ನಿಮ್ಮ ಅಜ್ಜಿಯರೂ ನೆರೆಯವರೂ ನುಡಿಯುವಾಗ ಏನನ್ನು ಸೂಚಿಸುವರೆಂದು ಕೇಳಿ ಬರೆದಿಡಿರಿ. ಅನ್ಯಭಾಷೆಯ ಪದಕ್ಕೆ ಹೊಂದಿಸುವುದು ಅನಂತರದ ಕೆಲಸವು. ಅಷ್ಟೂರಿನ ಹೊಸ್ತಿಲನ್ನು ದಾಟುವವರೆಲ್ಲರ ಮಾತೂ ಸೇರಿದಲ್ಲದೆ ಮನುಷ್ಯನ ಮನಸ್ಸಿನ ಶಾಸ್ತ್ರವು ಪೂರ್ಣವಾಗದು.