ಹೊಳೆಯಾಚೆ 21, ಈಚೆ 18

ಕೃಷ್ಣಾ ಹೊಳೆಯ ಸೇತುವೆ ದಾಟಿದರೆ ಕಾನೂನಿನ ವಯಸ್ಸೇ ಬದಲಾಗುತ್ತದೆ. ಆಚೆ ರಾಯಚೂರು ಕಡೆ ಶಕ್ತಿನಗರದಲ್ಲಿ ಬೀಡಿ, ಸಿಗರೇಟು ಕೊಳ್ಳಲು 21 ತುಂಬಿರಬೇಕು. ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು; ಬಿಡಿ ಸಿಗರೇಟು ಮಾರುವುದನ್ನೂ ಅದು ನಿಷೇಧಿಸಿದೆ. ಈಚೆ ನಮ್ಮ ಮಕ್ತಲ್ ಸೀಮೆಯಲ್ಲಿ 2003ರ ಕೇಂದ್ರ ಕಾಯ್ದೆಯ 18ಕ್ಕೇ ನಡೀತದ. ಶೆರೆಗೆ ಮಾತ್ರ ತೆಲಂಗಾಣದಲ್ಲಿ 21. ಹತ್ತೊಂಬತ್ತರ ಹುಡುಗ ಸಿಗರೇಟಿಗೆ ಹೊಳೆ ದಾಟಿ ಈಚೆ ಬಂದರೆ ಸಾಕು.

ಆದರೆ ಕೇಳುವವರಾದರೂ ಯಾರು? ಗಿರಾಕಿ ಅಪ್ರಾಪ್ತನಲ್ಲ ಎಂದು ತೋರಿಸುವ ಹೊಣೆ ಅಂಗಡಿಯವನದು, ಅನುಮಾನ ಬಂದರೆ ದಾಖಲೆ ಕೇಳಬಹುದು ಎನ್ನುತ್ತದೆ ನಿಯಮ. ನಾರಾಯಣಪೇಟ, ಗದ್ವಾಲದಂಥ ಪೇಟೆಯಲ್ಲಿ ಗುರುತು ಸಿಗದ ಹುಡುಗರಿಗೆ ಆಧಾರ್ ಕಾರ್ಡ್ ಕೇಳಬೇಕಾದೀತು. ನಮ್ಮ ಹಳ್ಳಿಗಳಲ್ಲಿ ಕಾರ್ಡ್ ಯಾಕ ಬೇಕು? ಯಾರ ಮಗ, ಯಾವ ವರ್ಷ ಹುಟ್ಟಿದ ಅಂತ ಅಂಗಡಿಯವರಿಗೆ ಬಾಯಿಪಾಠ. 2009ರಲ್ಲಿ ಹೊಳೆ ಉಕ್ಕಿ ಬಂತಲ್ಲ, ಆ ನೆರೆಯಲ್ಲಿ ಹುಟ್ಟಿದ ಕೂಸಿಗೆ ಇನ್ನೂ 18 ತುಂಬಿಲ್ಲ. ಗೊತ್ತಿದ್ದೂ ಕೊಡತಾರ, ಅದೇ ಬ್ಯಾನಿ.

ಅಂಗಡಿಯವನೊಬ್ಬನನ್ನೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಕಟ್ಟೆ ಮೇಲೆ ಕುಂತ ಹಿರಿಯರು "ಹೋಗಲೇ ತಮ್ಮಾ, ಒಂದು ಕಟ್ಟು ಬೀಡಿ ತಗೊಂಡು ಬಾ" ಅಂತಾರೆ. ತೆಲುಗು ಮನೆಯಲ್ಲಿ "ಬೀಡೀಲು ತೇಪೋರಾ" ಅಂತಾರೆ. ಎರಡೂ ಭಾಷೆಯಲ್ಲಿ ಕವಿತೆ ಕಟ್ಟುವ ನನಗೆ ಎರಡೂ ಭಾಷೆಯ ಈ ಮಾತು ಚೆನ್ನಾಗಿ ಪರಿಚಯ. ಹಾಗೆ ಕಳಿಸಿದ ಕೂಸು ನಾಲ್ಕು ವರ್ಷದ ಮೇಲೆ ತನಗಂತಲೇ ಕೊಂಡರೆ ಅಂಗಡಿಯವ ಏನು ತಿಳೀಬೇಕು? "ಅಪ್ಪ ಕಳಿಸ್ಯಾನ" ಅಂದರೆ ಮುಗೀತು.

ಕೇಂದ್ರ ಕಾಯ್ದೆಯಲ್ಲಿ ಈ ತಪ್ಪಿಗೆ ದಂಡ 200 ರೂಪಾಯಿವರೆಗೆ ಅಷ್ಟೇ. ಆದರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಬೇರೆ. ಮಗುವಿಗೆ ತಂಬಾಕು, ಶೆರೆ ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಇದನ್ನು ಊರ ಕಟ್ಟೆಯಲ್ಲಿ ಓದಿ ಹೇಳಿದವರನ್ನು ನಾನಂತೂ ಕಂಡಿಲ್ಲ.

ತೆಲಂಗಾಣ ಸರ್ಕಾರವೂ ತಂಬಾಕಿಗೆ 21 ಮಾಡಲಿ, ಬಿಡಿ ಮಾರಾಟ ನಿಲ್ಲಿಸಲಿ. ಪೂರ್ತಿ ಪ್ಯಾಕೆಟ್ಟಿಗೆ ಹುಡುಗರ ಜೇಬಿನಲ್ಲಿ ದುಡ್ಡು ಇರೋದಿಲ್ಲ. ಅಲ್ಲಿತನಕ ನಾರಾಯಣಪೇಟ, ಗದ್ವಾಲ ಜಿಲ್ಲೆಗಳ ಅಧಿಕಾರಿಗಳು ಟೇಪು ಹಿಡಿದು ಶಾಲೆಗಳ ಸುತ್ತ 100 ಗಜ ಅಳೆಯಲಿ. ಅಷ್ಟರೊಳಗೆ ತಂಬಾಕು ಮಾರುವಂತಿಲ್ಲ ಎಂಬುದು ಈಗಿರುವ ಕಾನೂನೇ. ಅಂಗಡಿ ಮುಂದಿನ ಎಚ್ಚರಿಕೆ ಫಲಕವನ್ನು ತೆಲುಗಿನ ಜೊತೆ ಕನ್ನಡದಲ್ಲೂ ಬರೆಸಲಿ. ನಮ್ಮ ಕಡೆ ಕನ್ನಡ ಶಾಲೆಯ ಮಕ್ಕಳೂ ಅದನ್ನು ಓದಬೇಕಲ್ಲ.