ಮೆಟ್ರೊ ಇದ್ದರೆ ಉಪನಗರ ರೈಲು ಬೇಡವೇ?

‘ಮೆಟ್ರೊ ಬೆಳೆಯುತ್ತಿರುವಾಗ ಬೆಂಗಳೂರಿಗೆ ಉಪನಗರ ರೈಲೇಕೆ?’ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಉಪನಗರ ರೈಲು ಯೋಜನೆಯ ಉದ್ದ 148 ಕಿ.ಮೀ., ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. 2024ರಲ್ಲಿ ಒಪ್ಪಿಗೆ ಪಡೆದ ಮೆಟ್ರೊ ಮೂರನೇ ಹಂತಕ್ಕೆ 15,611 ಕೋಟಿ. ಸಿಗುವುದು 45 ಕಿ.ಮೀ.ಗಿಂತ ತುಸು ಕಡಿಮೆ. ನಡುವಿನ ನಾಲ್ಕು ವರ್ಷಗಳ ಬೆಲೆಯೇರಿಕೆಯನ್ನು ಸೇರಿಸಿಕೊಂಡರೂ ಈ ಅಂತರ ಮುಚ್ಚದು. ಕಾರಣ ಸರಳ: ಉಪನಗರ ಮಾರ್ಗ ಬಹುಪಾಲು ಹಳೆಯ ಹಳಿಗಳ ಪಕ್ಕದ ರೈಲ್ವೆ ಜಮೀನಿನಲ್ಲೇ ಸಾಗುತ್ತದೆ. ಮೆಟ್ರೊ ಊರೊಳಗಿನ ಓಡಾಟಕ್ಕೆ. ದೇವನಹಳ್ಳಿ, ರಾಜಾನುಕುಂಟೆ, ಹೀಲಲಿಗೆಯ ಕಡೆಯಿಂದ ಬರುವವರಿಗೆ ಉಪನಗರ ರೈಲು. ಇವೆರಡೂ ಸವತಿಯರಲ್ಲ.

‘ಕೆಲಸ ಕುಂಟುತ್ತಿದೆ’ ಎಂಬ ಆಕ್ಷೇಪ ಮಾತ್ರ ನಿಜ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ 40 ತಿಂಗಳ ಗಡುವು ಮುಗಿದರೂ ರೈಲು ಓಡಿಲ್ಲ. ಆದರೆ ಇದನ್ನು ಕಟ್ಟಬೇಕಾದ ಕೆ-ರೈಡ್ ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಸಂಸ್ಥೆ. ಅದರ ಮುಖ್ಯಸ್ಥರ ಹುದ್ದೆಯೇ ಬಹುಕಾಲ ಹೆಚ್ಚುವರಿ ಪ್ರಭಾರದಲ್ಲಿ ನಡೆಯಿತು. ಇದು ಆಡಳಿತದ ರೋಗ, ಯೋಜನೆಯದಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಬೆಂಗಳೂರಿಗೆ ಬೇಡ.