ಹೃದ್ರೋಗ ವಿಭಾಗಕ್ಕೆ ಹೆಣ್ಣುಮಕ್ಕಳೇಕೆ ಬರುತ್ತಿಲ್ಲ?

ನಮ್ಮ ಶ್ರೀಗಂಧದ ಕಾವಲ್‌ನಲ್ಲಿ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ರಸ್ತೆಗಿಳಿದರೆ, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಗಳತ್ತ ಧಾವಿಸುವ ಮಹಿಳೆಯರು ಎದುರಾಗುತ್ತಾರೆ. ಅದೇ ಹೊತ್ತಿಗೆ, ರಾತ್ರಿ ಪಾಳಿ ಮುಗಿಸಿ ಕೆಂಪಾದ ಕಣ್ಣುಗಳೊಂದಿಗೆ ಮನೆಗೆ ಮರಳುತ್ತಿದ್ದ ನೆರೆಮನೆಯ ಹೆಣ್ಣುಮಗಳನ್ನೂ ನಾನು ಹಲವು ದಿನ ಕಂಡಿದ್ದೇನೆ. ಆಕೆ ವೈದ್ಯೆ. ಎಂ.ಡಿ. ಮುಗಿಸಿದಾಗ ಹೃದ್ರೋಗ ವಿಭಾಗವನ್ನೇ ಆರಿಸಿಕೊಳ್ಳುತ್ತಾಳೆ ಎಂದು ಮನೆಯವರೆಲ್ಲ ಭಾವಿಸಿದ್ದರು; ಅದಕ್ಕೆ ಬೇಕಾದ ರ್‍ಯಾಂಕ್ ಕೂಡ ಬಂದಿತ್ತು. ಆದರೆ ಅವಳು ಆರಿಸಿಕೊಂಡದ್ದು ಮಧುಮೇಹ ಮತ್ತು ಹಾರ್ಮೋನು ಚಿಕಿತ್ಸೆಯ ವಿಭಾಗವನ್ನು.

ಏಕಮ್ಮಾ ಎಂದು ಕೇಳಿದೆ. ‘ಆಸೆ ಇರಲಿಲ್ಲವೆಂದಲ್ಲ, ಅಂಕಲ್. ಇನ್ನೂ ಮೂರು ವರ್ಷ ಹಗಲು ರಾತ್ರಿ ಕ್ಯಾಥ್‌ಲ್ಯಾಬ್‌ನಲ್ಲಿ ನಿಂತರೆ ಮಗುವನ್ನು ಯಾವಾಗ ಹೆರಲಿ, ಯಾರ ಕೈಗೆ ಕೊಡಲಿ?’ ಎಂದಳು. ‘ಮದುವೆಯಾಗಿದೆಯಲ್ಲ, ನಿನಗೇಕೆ ಈ ಗೋಜು’ ಎಂದು ಹಿರಿಯ ವೈದ್ಯರೊಬ್ಬರು ಅಕ್ಕರೆಯಿಂದಲೇ ಬುದ್ಧಿ ಹೇಳಿದ್ದರಂತೆ.

ಇದು ಅವಳ ಸ್ವಂತ ಆಯ್ಕೆ ಎಂದು ಹೇಳಿ ಸುಮ್ಮನಾಗಬಹುದು. ಅರ್ಥಶಾಸ್ತ್ರ ಓದಿದ ನನಗೆ ಹಾಗೆ ಸುಮ್ಮನಾಗುವುದು ಕಷ್ಟ. ಒಂದು ದಾರಿಯಲ್ಲಿ ಮಾತ್ರ ಮುಳ್ಳು ಹರಡಿ, ಇನ್ನೊಂದು ದಾರಿಯಲ್ಲಿ ನಡೆದವರನ್ನು ‘ಅವರಿಗೆ ಅದೇ ಇಷ್ಟ’ ಎನ್ನುವುದು ಆಯ್ಕೆಯ ವ್ಯಾಖ್ಯಾನವಾಗಲಾರದು.

ಲೆಕ್ಕ ಸರಳವಾಗಿದೆ. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು ವರ್ಷ, ಹೃದ್ರೋಗದ ಡಿ.ಎಂ.ಗೆ ಮತ್ತೆ ಮೂರು ವರ್ಷ. ಎಲ್ಲಿಯೂ ಒಂದು ವರ್ಷವೂ ವ್ಯರ್ಥವಾಗದಿದ್ದರೂ ತರಬೇತಿ ಮುಗಿಯುವಾಗ ವಯಸ್ಸು ಮೂವತ್ತರ ಹೊಸ್ತಿಲಲ್ಲಿರುತ್ತದೆ. ಮದುವೆ, ಮಗು, ವೃದ್ಧರಾಗುತ್ತಿರುವ ತಂದೆ–ತಾಯಿ ಎಲ್ಲವೂ ಅದೇ ವರ್ಷಗಳಲ್ಲಿ ಎದುರಾಗುತ್ತವೆ. ನಮ್ಮ ಸಮಾಜದಲ್ಲಿ ಈ ಹೊರೆಯ ದೊಡ್ಡ ಪಾಲು ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಸಾಮರ್ಥ್ಯದ ಪ್ರಶ್ನೆಯಂತೂ ಇಲ್ಲಿಲ್ಲ. ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಅವರು 1950ರ ದಶಕದಲ್ಲೇ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಹೃದ್ರೋಗ ಚಿಕಿತ್ಸಾಲಯವನ್ನು ಕಟ್ಟಿದರು. 2020ರಲ್ಲಿ 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಮಕ್ಕಳ ಹೃದ್ರೋಗ ತಜ್ಞೆಯಾಗಿ ಸೇವೆ ಸಲ್ಲಿಸಿದ ಡಾ. ವಿಜಯಲಕ್ಷ್ಮಿ ಬಾಳೇಕುಂದ್ರಿ ಅವರ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಆದರೂ ವೈದ್ಯಕೀಯ ಕಾಲೇಜುಗಳ ತರಗತಿಗಳಲ್ಲಿ ಅರ್ಧದಷ್ಟಿರುವ ಹೆಣ್ಣುಮಕ್ಕಳು ಹೃದ್ರೋಗ ವಿಭಾಗದ ಬಾಗಿಲಿಗೆ ಬರುವಷ್ಟರಲ್ಲಿ ಬೆರಳೆಣಿಕೆಯಷ್ಟಾಗುತ್ತಾರೆ. ಬಂದವರಲ್ಲೂ ಅನೇಕರು ಎಕೋ ಪರೀಕ್ಷೆಗೋ ಮಕ್ಕಳ ಚಿಕಿತ್ಸೆಗೋ ಸರಿಯುತ್ತಾರೆ. ಅಮೆರಿಕದಂಥ ದೇಶದಲ್ಲೇ ಹೃದ್ರೋಗ ತಜ್ಞರಲ್ಲಿ ಮಹಿಳೆಯರ ಪಾಲು ಶೇ 15ರ ಆಸುಪಾಸಿನಲ್ಲಿದೆ.

ಇದರಿಂದ ರೋಗಿಗೇನು ನಷ್ಟ ಎಂದು ಕೇಳಬಹುದು. ಹೆಣ್ಣಿನ ಹೃದಯಾಘಾತ ಅನೇಕ ವೇಳೆ ಎದೆನೋವಿನ ರೂಪದಲ್ಲಿ ಬರುವುದೇ ಇಲ್ಲ. ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವಾಗಿ ಬರುತ್ತದೆ. ‘ಗ್ಯಾಸ್ಟ್ರಿಕ್’ ಎಂಬ ಹಣೆಪಟ್ಟಿ ಹೊತ್ತು ಮನೆಗೆ ಮರಳುತ್ತದೆ. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ 1991ರಿಂದ 2010ರವರೆಗಿನ ತುರ್ತು ಚಿಕಿತ್ಸೆಯ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೃದಯಾಘಾತಕ್ಕೊಳಗಾದ ಮಹಿಳೆಯರು ಪುರುಷ ವೈದ್ಯರ ಬಳಿ ಬದುಕುಳಿದ ಪ್ರಮಾಣಕ್ಕಿಂತ ಮಹಿಳಾ ವೈದ್ಯರ ಬಳಿ ಬದುಕುಳಿದ ಪ್ರಮಾಣ ಹೆಚ್ಚು. ಅದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಸಹೋದ್ಯೋಗಿಗಳಲ್ಲಿ ಮಹಿಳೆಯರು ಹೆಚ್ಚಿದ್ದ ಕಡೆ ಪುರುಷ ವೈದ್ಯರ ಚಿಕಿತ್ಸೆಯ ಫಲಿತಾಂಶವೂ ಉತ್ತಮಗೊಂಡಿತ್ತು. ಅಂದರೆ ಕೆಲಸದ ಜಾಗದಲ್ಲಿ ಎಲ್ಲರಿಗೂ ಸ್ಥಾನವಿರುವುದು ಬರೀ ಸೌಜನ್ಯದ ಮಾತಲ್ಲ. ಅದು ಚಿಕಿತ್ಸೆಯ ಗುಣಮಟ್ಟದ ಮಾತು. ನಮ್ಮ ರಸ್ತೆಯಲ್ಲಿ ಡಬ್ಬಿ ಹಿಡಿದು ನಡೆಯುವ ಆ ಮಹಿಳೆಯರ ಜೀವದ ಮಾತು.

2025ರ ಜೂನ್–ಜುಲೈನಲ್ಲಿ ಹಾಸನದ ಸರಣಿ ಸಾವುಗಳ ಸುದ್ದಿಯಿಂದ ಕಂಗೆಟ್ಟ ಜನ ಜಯದೇವದ ಮುಂದೆ ಮುಂಜಾನೆಯಿಂದಲೇ ಸಾಲುಗಟ್ಟಿದರು. ಆ ಸಾಲನ್ನು ಕಂಡವರಿಗೆ ತಜ್ಞರ ಕೊರತೆ ಎಂದರೇನೆಂದು ಅರ್ಥವಾಗಿರುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿರುವುದು ಸ್ತುತ್ಯರ್ಹ. ಆದರೆ ತಂತಿಯ ಆ ತುದಿಯಲ್ಲಿ ಎಚ್ಚರವಿರುವ ತಜ್ಞರೊಬ್ಬರು ಬೇಕಲ್ಲವೇ? ಹನ್ನೊಂದೂವರೆ ವರ್ಷ ಸಮಾಜದ ಹಣವನ್ನೂ ವ್ಯಯಿಸಿ ರೂಪಿಸಬಹುದಾದ ತಜ್ಞರ ಅರ್ಧ ಭಾಗವನ್ನು ಬಾಗಿಲಲ್ಲೇ ತಡೆದು, ಬಳಿಕ ಕೊರತೆಯ ಬಗ್ಗೆ ಗೋಳಾಡುವುದು ಯಾವ ಜಾಣತನ?

‘ಹೃದಯಾಘಾತ ಗಡಿಯಾರ ನೋಡಿ ಬರುವುದಿಲ್ಲ’ ಎಂಬುದು ಹಿರಿಯ ವೈದ್ಯರ ಸಿದ್ಧ ಉತ್ತರ. ನಿಜ. ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷಗಳೊಳಗೆ ಮುಚ್ಚಿದ ರಕ್ತನಾಳವನ್ನು ತೆರೆಯಬೇಕೆಂಬುದು ಗುರಿ. ಆದರೆ ರೋಗಕ್ಕೆ ಗಡಿಯಾರವಿಲ್ಲವೆಂದ ಮಾತ್ರಕ್ಕೆ ವೈದ್ಯರಿಗೂ ಇರಬಾರದೆಂದೇನಿಲ್ಲ. ವಿಮಾನ ಚಾಲಕನ ವಿಶ್ರಾಂತಿಯನ್ನು ಕಾನೂನು ಗೊತ್ತುಮಾಡುತ್ತದೆ. ಮೂವತ್ತು ಗಂಟೆ ನಿದ್ದೆಗೆಟ್ಟವರ ಕೈಗೆ ನಾವು ವಿಮಾನ ಕೊಡುವುದಿಲ್ಲ, ಹೃದಯವನ್ನು ಕೊಡುತ್ತೇವೆ.

ಕಿರಿಯ ವೈದ್ಯರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 1992ರಲ್ಲೇ ಸೂಚಿಸಿತ್ತು. ಮೂರು ದಶಕಗಳ ನಂತರ, 2024ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮತ್ತು ಒಂದು ದಿನ ರಜೆ ಎಂದು ಶಿಫಾರಸು ಮಾಡಿತು. ಕಡತಗಳ ನಡುವೆ ಬದುಕು ಸವೆಸಿದ ನನಗೆ ಇದರ ಅರ್ಥ ಗೊತ್ತು: ಮೊದಲಿನ ಆದೇಶ ಕಡತದಲ್ಲೇ ಉಳಿಯಿತು. ಬ್ರಿಟನ್ನಿನಲ್ಲಿ 2009ರಿಂದ ಕಿರಿಯ ವೈದ್ಯರಿಗೂ ವಾರಕ್ಕೆ ಸರಾಸರಿ 48 ಗಂಟೆಯ ಮಿತಿ ಅನ್ವಯವಾಗಿದೆ. ಅಲ್ಲಿ ಹೃದಯಾಘಾತಗಳೇನೂ ನಿಂತಿಲ್ಲ, ಚಿಕಿತ್ಸೆಯೂ ನಿಂತಿಲ್ಲ.

ನಾನು ಸೇವೆಗೆ ಸೇರಿದ ಕಾಲದಲ್ಲಿ ‘ಹೆಣ್ಣುಮಕ್ಕಳು ಫೀಲ್ಡ್ ಕೆಲಸಕ್ಕೆ ಆಗುವುದಿಲ್ಲ’ ಎಂಬ ಮಾತು ಕಚೇರಿಗಳಲ್ಲಿ ಸಲೀಸಾಗಿ ಕೇಳಿಬರುತ್ತಿತ್ತು. ಅಂದು ನಾನೂ ಅದನ್ನು ಪ್ರಶ್ನಿಸಲಿಲ್ಲ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಮುಂದೆ ಜಿಲ್ಲೆಗಳನ್ನು ಮಹಿಳೆಯರು ಆಳಿದರು. ರಾಜ್ಯದ ಮುಖ್ಯ ಕಾರ್ಯದರ್ಶಿಯ ಕುರ್ಚಿಯಲ್ಲೂ ಕುಳಿತರು. ಬದಲಾದದ್ದು ಹೆಣ್ಣುಮಕ್ಕಳ ಸಾಮರ್ಥ್ಯವಲ್ಲ, ನಮ್ಮ ವ್ಯವಸ್ಥೆ.

ಹೃದ್ರೋಗ ವಿಭಾಗದಲ್ಲೂ ಬದಲಾಗಬೇಕಾದದ್ದು ವ್ಯವಸ್ಥೆಯೇ. ರಾತ್ರಿಯಿಡೀ ತುರ್ತು ಸೇವೆಯಲ್ಲಿದ್ದವರನ್ನು ಮರುದಿನ ಹೊರರೋಗಿ ವಿಭಾಗಕ್ಕೆ ಕೂರಿಸಬಾರದು. ಕ್ಷ-ಕಿರಣದ ನಡುವೆ ದುಡಿಯುವ ಗರ್ಭಿಣಿಗೆ ಪ್ರತ್ಯೇಕ ಮಾಪಕ ಬಿಲ್ಲೆ ಕೊಡಬೇಕು. ಭ್ರೂಣಕ್ಕೆ ತಗಲಬಹುದಾದ ವಿಕಿರಣದ ಅಂತರರಾಷ್ಟ್ರೀಯ ಮಿತಿ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳಬೇಕು. ಆ ತಿಂಗಳುಗಳಲ್ಲಿ ಬೇರೆ ಕೆಲಸ ಮಾಡಿದರೆ ಜ್ಯೇಷ್ಠತೆಗೆ ಧಕ್ಕೆ ಬರಬಾರದು. 50 ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ವಿಧಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಆಸ್ಪತ್ರೆಯಲ್ಲಿ ಆ ಕೇಂದ್ರವೂ ರಾತ್ರಿ ತೆರೆದಿರಬೇಕು. ಪ್ರತಿ ವರ್ಷ ಎಷ್ಟು ಮಹಿಳೆಯರು ಸೇರಿದರು, ಎಷ್ಟು ಮಂದಿ ಉಳಿದರು ಎಂಬ ಅಂಕಿಅಂಶವನ್ನು ಸರ್ಕಾರಿ ಸಂಸ್ಥೆಗಳಾದರೂ ಪ್ರಕಟಿಸಬೇಕು. ಎಣಿಸದ್ದನ್ನು ಸರ್ಕಾರ ಎಂದೂ ಸರಿಪಡಿಸುವುದಿಲ್ಲ.

ಇವು ಹೆಣ್ಣುಮಕ್ಕಳಿಗೆ ತೋರುವ ವಿನಾಯಿತಿಗಳಲ್ಲ. ಮಗುವಿನ ಮೊದಲ ಹೆಜ್ಜೆಯನ್ನು ಮೊಬೈಲ್‌ನಲ್ಲಿ ಮಾತ್ರ ನೋಡಿದ ಗಂಡಸು ವೈದ್ಯರೂ ನಮ್ಮಲ್ಲಿದ್ದಾರೆ. ನಿಗದಿತ ವಿಶ್ರಾಂತಿ ಅವರಿಗೂ ಬೇಕು.

ನೆರೆಮನೆಯ ಹುಡುಗಿ ಇಂದು ಒಳ್ಳೆಯ ಮಧುಮೇಹ ತಜ್ಞೆ. ಅವಳಿಗೆ ನಷ್ಟವಾಗಿದೆ ಎಂದು ನಾನು ಹೇಳಲಾರೆ. ಆದರೆ ಯಾವುದೋ ಒಂದು ರಾತ್ರಿ, ಇದೇ ಬೀದಿಯ ಮಹಿಳೆಯೊಬ್ಬಳು ಬೆನ್ನುನೋವೆಂದು ಆಸ್ಪತ್ರೆಗೆ ಹೋದಾಗ, ಅದು ಬೆನ್ನುನೋವಲ್ಲವೆಂದು ಗುರುತಿಸಬೇಕಾದವರ ಜಾಗ ಖಾಲಿಯಾಗಿದ್ದರೆ, ನಷ್ಟ ಯಾರದ್ದೆಂದು ಆಗ ತಿಳಿಯುತ್ತದೆ.